ಕಮಲಾಪುರದ ಲೈನ್ ಟೆಸ್ಟ್

ತಂಗಿಗೆ ಮಾತು ಹೋದ ಮೇಲೆ ನಮ್ಮಿಬ್ಬರ ನಡುವೆ ಉಳಿದದ್ದು ದಿನಕ್ಕೊಂದು ಮಿಸ್ಡ್ ಕಾಲ್. ಅವಳು ಕಮಲಾಪುರದಲ್ಲಿ ಮಗ ಸೊಸೆಯ ಜೊತೆ, ನಾನು ಕಲಬುರಗಿಯಲ್ಲಿ, ಸ್ಟೇಶನ್ ಬಜಾರದ ಹಿಂದಿನ ಓಣಿಯಲ್ಲಿ. ಬೆಳಿಗ್ಗೆ ನಾನು ಚಹಾಕ್ಕೆ ನೀರಿಡುವ ಹೊತ್ತಿಗೆ ಫೋನು ಎರಡು ಸಲ ರಿಂಗಾಗಿ ನಿಲ್ಲುತ್ತಿತ್ತು. ಎತ್ತುವ ಹಾಗಿಲ್ಲ. ಎತ್ತಿದರೆ ದುಡ್ಡು ಹೋಗುತ್ತದೆ ಎಂಬ ಕಾಲದಲ್ಲಿ ಶುರುವಾದ ಪದ್ಧತಿ ಅದು. ಎದ್ದಿದ್ದೇನೆ, ಆರಾಮಿದ್ದೇನೆ, ನೀನೂ ಏಳು, ಅಷ್ಟೇ ಅದರ ಅರ್ಥ.

ಆಮೇಲೆ ಅವಳಿಗೆ ಸ್ಟ್ರೋಕ್ ಆಯಿತು. ಬಲಗೈ ಬಿದ್ದುಹೋಯಿತು, ಬಾಯಿಂದ ಒಂದಕ್ಷರ ಹೊರಡದಾಯಿತು, ನೆನಪು ಅಲ್ಲಲ್ಲಿ ಹರಿದ ಸೀರೆಯಂತಾಯಿತು. ಎಡಗೈ ಹೆಬ್ಬೆರಳು ಮಾತ್ರ ಮರೆಯಲಿಲ್ಲ. ಹಳೆಯ ಕೀಪ್ಯಾಡ್ ಫೋನಿನಲ್ಲಿ ಒಂದು ಬಟನ್ ಒತ್ತಿ ಹಿಡಿದರೆ ಸೀದಾ ನನ್ನ ನಂಬರಿಗೆ ಹೋಗುವಂತೆ ಅವಳ ಮಗ ಮಾಡಿಕೊಟ್ಟಿದ್ದ. ಎರಡು ರಿಂಗು, ಕಟ್. ಸ್ಪೀಚ್ ಪೂರ್ತಿ ಹೋಗಿದೆ ಎಂದು ಡಾಕ್ಟರು ಹೇಳಿದಾಗ ನಾನು ಮನಸ್ಸಿನಲ್ಲೇ ಅಂದುಕೊಂಡೆ, ನಾಟ್ ಎಂಟೈರ್‌ಲಿ, ಡಾಕ್ಟರ್.

ಒಂದು ಬೆಳಿಗ್ಗೆ ಆ ರಿಂಗು ಬರಲಿಲ್ಲ. ಚಹಾ ಉಕ್ಕಿ ಒಲೆಯ ಮೇಲೆ ಹರಿಯಿತು. ನಾನೇ ಫೋನು ಹಚ್ಚಿದೆ. ಈ ಸಂಖ್ಯೆಗೆ ಒಳಬರುವ ಕರೆಗಳ ಸೌಲಭ್ಯವಿಲ್ಲ ಎಂದು ಒಬ್ಬ ಹೆಂಗಸು ಹೇಳಿದಳು. ಗಾಬರಿಯಾಗಿ ತಂಗಿಯ ಸೊಸೆಗೆ ಫೋನು ಮಾಡಿದೆ.

"ಅತ್ತಿ ಆರಾಮ ಹಾರ್ರಿ ದೊಡ್ಡವ್ವ," ಅಂದಳು. "ರೀಚಾರ್ಜ್ ಮುಗದದ, ಅಷ್ಟ. ಇವರಿಗಿ ಪಗಾರ ಆಗ್ಲಿ, ಹಾಕಸ್ತೀವಿ."

ಪಗಾರ ಆಯಿತು. ಮಕ್ಕಳ ಫೀ ಬಂತು, ಗ್ಯಾಸು ಮುಗಿಯಿತು, ಮಾತು ಬಾರದವಳ ಫೋನು ಹಿಂದೆ ಬಿತ್ತು. ಅವರನ್ನು ಬಯ್ಯುವುದಿಲ್ಲ. ಬೆಳಗಿನ ಆ ಎರಡು ರಿಂಗಿಲ್ಲದೆ ನನಗೆ ದಿನವೇ ಶುರುವಾಗುತ್ತಿರಲಿಲ್ಲ. ತಡೆಯದೆ ಸ್ಟೇಶನ್ ಬಜಾರದ ರೀಚಾರ್ಜ್ ಅಂಗಡಿಗೆ ನಾನೇ ಹೋದೆ. ಅಂಗಡಿಯವನು ಬಹಳ ವರ್ಷದ ಪರಿಚಯದವನು, ಮಾತಿಗೊಂದು ಚೇಷ್ಟೆ ಅವನದು.

"ಸಣ್ಣದೊಂದು ಟಾಪ್‌ಅಪ್ ಹಾಕಪಾ. ಅಕಿ ಮಾತಾಡೂದಿಲ್ಲ, ಬರೇ ರಿಂಗ್ ಕೊಡ್ತಾಳ."

"ಆ ಜಮಾನಾ ಹೋತ್ರಿ ಅಮ್ಮಾ. ಈಗ ಪ್ಲಾನ್ ಇಲ್ಲಂದ್ರ ರಿಂಗ್ ಸುದ್ದಾ ಇಲ್ಲ. ಅನ್‌ಲಿಮಿಟೆಡ್ ಮಾತು, ದಿನಾ ಡೇಟಾ, ಎಲ್ಲಾ ಕೂಡೇ ತಗೋಬೇಕು."

"ಬಾಯಿ ಹೋದಾಕಿಗೆ ಅನ್‌ಲಿಮಿಟೆಡ್ ಮಾತು ತಗೊಂಡು ಏನ್ ಮಾಡ್ಲಿ?"

"ನಮ್ಮ ಮನ್ಯಾಕಿಗಿ ಕೊಡ್ರಿ. ನಿಮ್ಮ ತಂಗೀದು, ನಿಮ್ದು, ಈ ಓಣಿದು, ಎಲ್ಲಾರ್ದೂ ಅಕಿ ಒಬ್ಬಾಕಿನ ವಸೂಲ್ ಮಾಡ್ತಾಳ."

ನಾನು ನಗದಿದ್ದುದನ್ನು ನೋಡಿ ತಣ್ಣಗಾಗಿ ಬಿಡಿಸಿ ಹೇಳಿದ. ಬಟನ್ ಒತ್ತಿದ ಕೂಡಲೇ ಅಲ್ಲೆಲ್ಲೋ ಒಂದು ಕಂಪ್ಯೂಟರ್ ನೋಡುತ್ತದಂತೆ, ಇವಳ ಪ್ಲಾನು ಇದೆಯೋ ಇಲ್ಲವೋ. ಇದ್ದರೆ ಬಿಡುತ್ತದೆ, ಇಲ್ಲದಿದ್ದರೆ ರಿಂಗ್ ಆಗುವ ಮೊದಲೇ ತಡೆಯುತ್ತದೆ. ಮಾತಿನ ನಡುವೆಯೂ ನೋಡುತ್ತಲೇ ಇರುತ್ತದೆ. "ರಿಯಲ್ ಟೈಮ್ ಅಂತಾರ್ರಿ ಅದಕ. ಫೈವ್ ಜಿ ಬಂದ ಮ್ಯಾಲ ಇನ್ನಾ ಚುರುಕಾಗ್ಯಾದ. ಕಣ್ಣ ಪಿಳಕಸೂದ್ರಾಗ ಹಿಸಾಬ್ ಮುಗೀತದ."

ರಿಯಲ್ ಟೈಮ್! ಈಗ ನನಗೆ ನಗು ಬಂತು. ಒಂದು ಕಾಲಕ್ಕೆ ಆ ಕಂಪ್ಯೂಟರ್ ನಾನೇ ಆಗಿದ್ದೆ.

ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನ್ನ ಡಿಕ್ಷನ್ ತಿದ್ದಿ ತಿದ್ದಿ ಇಟ್ಟಿದ್ದರು. ಅದರ ಪುಣ್ಯದಿಂದಲೇ ಗುಲ್ಬರ್ಗಾದ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತು. ತಲೆಗೆ ಹೆಡ್‌ಸೆಟ್, ಕೈಯಲ್ಲಿ ಪೆನ್ಸಿಲ್, ಎದುರಿಗೆ ಪ್ಲಗ್ಗು ವೈರುಗಳ ಬೋರ್ಡು. ನೆಹರು ಗಂಜಿನ ಬೇಳೆ ವ್ಯಾಪಾರಿಗಳು ತೊಗರಿಯ ರೇಟು ಕೇಳಲು ಸೊಲ್ಲಾಪುರಕ್ಕೆ, ಬಾಂಬೆಗೆ ಎಲ್ಲಕ್ಕಿಂತ ಬೇಗ ಸಿಗುವ ಲೈಟ್ನಿಂಗ್ ಕಾಲ್ ಬುಕ್ ಮಾಡುವರು. ಉರುಸಿನ ದಿನಗಳಲ್ಲಿ ರೋಜಾದ ದರ್ಗಾ ಕಡೆಯಿಂದ ಯಾತ್ರಿಕರು ಬಂದು, ಸುಖವಾಗಿ ಮುಟ್ಟಿದ್ದೇವೆ ಎಂದು ಊರಿಗೆ ಹೇಳಲು ಗಂಟೆಗಟ್ಟಲೆ ಕಾಯುವರು. ಆ ಕಡೆಯವರು ಹಲೋ ಅಂದ ಕ್ಷಣ ಟೈಮರ್ ಒತ್ತುವುದು ನನ್ನ ಬೆರಳು. ಮೂರು ನಿಮಿಷಕ್ಕೆ, ಥ್ರೀ ಮಿನಿಟ್ಸ್ ಓವರ್, ಎಕ್ಸ್‌ಟೆಂಡ್ ಮಾಡಲೇ, ಎಂದು ನಡುವೆ ಬಾಯಿ ಹಾಕುವುದೂ ನಾನೇ. ಲೈನು ಕರಕರ ಅಂದರೆ ಕಾಲಿನ ಲೆಕ್ಕ ಬರೆಯುವ ಟಿಕೆಟಿನ ಮೇಲೆ ಲೈನ್ ಬ್ಯಾಡ್ ಎಂದು ಬರೆದು ಅಷ್ಟು ಹೊತ್ತನ್ನು ಚಾರ್ಜಿನಿಂದ ತೆಗೆಯಬಹುದಿತ್ತು. ಸಾವಿನ ಸುದ್ದಿ ಕೇಳಿ ಯಾರಾದರೂ ಬರೀ ಅಳುತ್ತ ನಿಂತರೆ ಅದಕ್ಕೆ ನಿಯಮವಿರಲಿಲ್ಲ. ನಾವು ಹುಡುಗಿಯರು ಅಳುವನ್ನೂ ಲೈನ್ ಬ್ಯಾಡ್ ಎಂದೇ ಬರೆಯುತ್ತಿದ್ದೆವು. ಸೂಪರ್‌ವೈಸರ್ ಓದಿ ಸಹಿ ಹಾಕುತ್ತಿದ್ದರು.

ಮಧ್ಯಾಹ್ನ ಕಾಲ್‌ಗಳು ಕಡಿಮೆಯಾದಾಗ ಸುತ್ತಲಿನ ಊರುಗಳ ಲೈನ್ ಟೆಸ್ಟ್ ಮಾಡುವುದು ನಮ್ಮ ಡ್ಯೂಟಿ. ಅದಕ್ಕೆ ಚಾರ್ಜಿಲ್ಲ. ಕಮಲಾಪುರದ ಫೋನು ಪೋಸ್ಟಾಫೀಸಿನಲ್ಲಿತ್ತು. ಪೋಸ್ಟಾಫೀಸು ತಂಗಿಯ ಮಾವನ ಮನೆಯ ಮುಂದಿನ ಖೋಲಿಯಲ್ಲಿತ್ತು. ಮಾವನೇ ಪೋಸ್ಟ್‌ಮಾಸ್ಟರ್. ಹೊಸದಾಗಿ ಮದುವೆಯಾಗಿ ಹೋದ ತಂಗಿ ಆ ಹೊತ್ತಿಗೆ ಏನಾದರೂ ನೆವ ತೆಗೆದು ಫೋನಿನ ಹತ್ತಿರ ಬಂದು ನಿಲ್ಲುತ್ತಿದ್ದಳು. ನನ್ನ ಕುರ್ಚಿಯ ಹಿಂದೆ ಸೂಪರ್‌ವೈಸರ್, ಅವಳೆದುರಿಗೆ ಮಾವ. ಹೀಗಾಗಿ ಅಕ್ಕ ತಂಗಿ ಎಂದು ಮಾತಾಡುವ ಹಾಗಿರಲಿಲ್ಲ.

"ಹಲೋ ಕಮಲಾಪುರ, ಗುಲ್ಬರ್ಗಾ ಟ್ರಂಕ್ಸ್. ನನ್ನ ದನಿ ನಿಮಗೆ ಸ್ಪಷ್ಟವಾಗಿ ಕೇಳಿಸುತ್ತಿದೆಯೇ? ದಯವಿಟ್ಟು ತಿಳಿಸಿ," ಎಂದು ನಾನು ರೇಡಿಯೋದವರ ಹಾಗೆ ಹೇಳುತ್ತಿದ್ದೆ.

"ಕೇಳಿಸುತ್ತಿದೆ," ಎಂದು ಅವಳೂ ಅಷ್ಟೇ ಗಂಭೀರವಾಗಿ ಹೇಳುತ್ತಿದ್ದಳು. ಆಮೇಲೆ ನಗು ತಡೆದ ಉಸಿರು. ಅಷ್ಟಕ್ಕೇ ಪ್ಲಗ್ ತೆಗೆಯಬೇಕು. ಆ ಒಂದು ಮಾತಿನಲ್ಲಿ ಇಡೀ ದಿನ ಕಳೆಯುತ್ತಿದ್ದೆ ಎಂದು ಎಷ್ಟೋ ವರ್ಷದ ಮೇಲೆ ಅವಳು ನನಗೆ ಹೇಳಿದ್ದಳು.

ಅಂಗಡಿಯವನು ರೀಚಾರ್ಜ್ ಹಾಕಿದ. ಮರುದಿನ ಬೆಳಿಗ್ಗೆ ಫೋನು ರಿಂಗಾಯಿತು. ಆದರೆ ಎರಡಕ್ಕೆ ನಿಲ್ಲಲಿಲ್ಲ. ಉದ್ದಕ್ಕೆ, ಬಿಡದೆ ಬಡಿದುಕೊಂಡಿತು. ಏನೋ ಆಗಿರಬೇಕೆಂದು ಎತ್ತಿದೆ. "ಏನಾತೇ ತಂಗಿ?" ಅಂದೆ. ಉಸಿರು ಕೇಳಿಸಿತು, ಕಟ್ಟಾಯಿತು. ಮತ್ತೆ ರಿಂಗು, ಮತ್ತೆ ಎತ್ತಿದೆ, ಮತ್ತೆ ಕಟ್ಟು. ದಿನವೆಲ್ಲ ಹೀಗೇ ನಡೆಯಿತು. ಮರುದಿನವೂ ಹೀಗೇ. ಮೂರನೆಯ ದಿನ ರಿಂಗೇ ಬರಲಿಲ್ಲ. ನಾನು ಬಸ್ಸು ಹತ್ತಿದೆ.

ತಂಗಿ ಪಡಸಾಲೆಯ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಫೋನು ಮಂಚದ ಕೆಳಗೆ ಬಿದ್ದಿತ್ತು, ಪಕ್ಕದಲ್ಲಿ ಮುಟ್ಟದೆ ಬಿಟ್ಟ ಊಟದ ತಾಟು. ನನ್ನನ್ನು ನೋಡಿ ಎದ್ದು ಕೂತಳು, ಫೋನಿನ ಕಡೆ ಕೈ ಮಾಡಿದಳು, ಅದನ್ನು ಎತ್ತಿ ಕೊಟ್ಟರೆ ತಿರುಗಿ ನನ್ನ ಉಡಿಗೇ ಹಾಕಿದಳು. ಕೆಟ್ಟಿದೆ, ರಿಪೇರಿ ಮಾಡು ಅನ್ನುವ ಹಾಗೆ.

ಸೊಸೆ ಚಹಾ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು.

"ದೊಡ್ಡವ್ವ, ಸಿಟ್ಟಿಗಿ ಏಳಬ್ಯಾಡ್ರಿ. ರೀಚಾರ್ಜ್ ಇಲ್ದಾಗನ ಅತ್ತಿ ಛಲೋ ಇದ್ರು."

"ಅಂದ್ರ?"

"ಬಟನ್ ಒತ್ತಿದ್ರ ಆ ಹೆಣ್ಮಗಳು ಹೇಳ್ತಾಳಲ್ರಿ, ನಿಮ್ಮ ಪ್ಲಾನಿನ ಅವಧಿ ಮುಗಿದಿದೆ, ದಯವಿಟ್ಟು ರೀಚಾರ್ಜ್ ಮಾಡಿ ಅಂತ. ಅದನ್ನ ಕೇಳ್ಕೊಂತ ಕೂಡ್ತಿದ್ರು. ನಗೂದೇನು, ಗೋಣ ಹಾಕೂದೇನು. ಯಾರ್ರಿ ಅತ್ತಿ ಅಕಿ ಅಂತ ಕೇಳಿದ್ರ, ಅಕಾ ಅಲ್ಲಿ, ಅದನ್ನ ತೋರಸ್ತಿದ್ರು."

ಅವಳು ತೋರಿಸಿದ್ದು ಗೋಡೆಯ ಮೇಲಿನ ಫೋಟೊ. ಕೆಲಸಕ್ಕೆ ಸೇರಿದ ವರ್ಷ ತಂಗಿಯ ಜೊತೆ ಸ್ಟುಡಿಯೋದಲ್ಲಿ ತೆಗೆಸಿದ್ದು. ಎರಡು ಜಡೆಯ ನಾನು, ಕತ್ತು ಸ್ವಲ್ಪ ಹೆಚ್ಚೇ ಎತ್ತಿಕೊಂಡು.

ನನಗೆ ಕೂಡಲೇ ತಿಳಿಯಿತು. ಆ ಬರಹದ ಕನ್ನಡ, ಆ ದಯವಿಟ್ಟು, ಎಲ್ಲೂ ಎಡವದ ಆ ದನಿ. ತಂಗಿಗೆ ಅಕ್ಕ ಫೋನಿನಲ್ಲಿ ಮಾತಾಡುವುದೆಂದರೆ ಹಾಗೆಯೇ. ಅವಳ ಮನಸ್ಸು ಆ ಪೋಸ್ಟಾಫೀಸಿನ ಖೋಲಿಗೆ ಹೋಗಿ ನಿಂತುಬಿಟ್ಟಿದೆ. ನಾನು ರೀಚಾರ್ಜ್ ಹಾಕಿಸಿ ಅವಳ ಅಕ್ಕನ ಬಾಯಿ ಮುಚ್ಚಿಸಿದ್ದೆ.

ನಾನು ನನ್ನ ಫೋನು ಹಿಡಿದು ಅಂಗಳಕ್ಕೆ ಹೋದೆ. ಸೊಸೆ ತಂಗಿಯ ಕೈಗೆ ಕೀಪ್ಯಾಡ್ ಫೋನು ಕೊಟ್ಟು ಬಟನ್ ಒತ್ತಿಸಿದಳು. ರಿಂಗಾದ ಕೂಡಲೇ ಎತ್ತಿ, ಬೆನ್ನು ನೆಟ್ಟಗೆ ಮಾಡಿ, ಸಿಸ್ಟರ್‌ಗಳು ಕಲಿಸಿದ ಹಾಗೆ ಉಸಿರು ತುಂಬಿಕೊಂಡು ಹೇಳಿದೆ, "ಹಲೋ ಕಮಲಾಪುರ, ಗುಲ್ಬರ್ಗಾ ಟ್ರಂಕ್ಸ್. ನನ್ನ ದನಿ ನಿಮಗೆ ಸ್ಪಷ್ಟವಾಗಿ..." ಕಟ್ಟಿಸಿದ ಹಲ್ಲು ಸ್ಪಷ್ಟವಾಗಿ ಎಂಬಲ್ಲೇ ಜಾರಿತು. ದನಿ ಒಡೆದು ಕೆಮ್ಮಾಯಿತು. ಬಾಗಿಲಲ್ಲಿ ಇಣುಕಿದೆ. ಅವಳು ಫೋನನ್ನು ಕಿವಿಯಿಂದ ತೆಗೆದು, ಯಾವುದೋ ರಾಂಗ್ ನಂಬರನ್ನು ನೋಡುವಂತೆ ನೋಡಿ, ಕಟ್ ಮಾಡಿದಳು.

"ದೊಡ್ಡವ್ವ, ನಿಮ್ಮ ದನಿದೂ ವ್ಯಾಲಿಡಿಟಿ ಮುಗದದ ಬಿಡ್ರಿ," ಎಂದು ಸೊಸೆ ನಕ್ಕಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ನನ್ನ ಮುಖ ನೋಡಿ ಹಗುರ ಮಾಡಲು ಅಂದದ್ದು. ಹೊರಡುವಾಗ ಚೀಲದ ತುಂಬ ಕೆಂಪು ಬಾಳೆಹಣ್ಣು ಹಾಕಿಕೊಟ್ಟಳು. ಬಸ್ಸಿನಲ್ಲಿ ಅವು ಮಡಿಲ ಮೇಲೆ ಬಹಳ ಭಾರವಾಗಿದ್ದವು.

ಪ್ಲಾನು ಮುಗಿದಾಗ ಮತ್ತೆ ಹಾಕಿಸಲಿಲ್ಲ. ಹಾಕಿಸಬೇಡವೆಂದು ಅವರಿಗೂ ಹೇಳಿದೆ.

ಮುಂದಿನ ಸಲ ಹೋದಾಗ ತಂಗಿ ದಿಂಬಿಗೊರಗಿ ಕೂತು ಫೋನು ಕಿವಿಗಿಟ್ಟುಕೊಂಡಿದ್ದಳು. ಎಣ್ಣೆ ಹಚ್ಚಿ ಬಾಚಿದ ತಲೆ. ಮುಖದ ಸರಿಯಿದ್ದ ಅರ್ಧದಲ್ಲಿ ನಗು. ತುಟಿ ಏನನ್ನೋ ಹೇಳಲು ಹೊರಟು ಹೊರಟು ನಿಲ್ಲುತ್ತಿತ್ತು. ನಾನು ಹತ್ತಿರ ಕೂತು "ತಂಗಿ" ಅಂದೆ. ಅವಳು ಕಣ್ಣು ತಿರುಗಿಸದೆ ಮಗ್ಗುಲಿಗೆ ಬಾಗಿ, ಮೊಣಕೈಯಿಂದ ನನ್ನನ್ನು ಮೆಲ್ಲಗೆ ಅತ್ತ ತಳ್ಳಿದಳು. ಅಕ್ಕ ಮಾತಾಡುತ್ತಿದ್ದಾಳೆ, ಸುಮ್ಮನಿರು. ಸಂಜೆಯ ಬಸ್ಸಿನವರೆಗೂ ಅವಳ ಮಗ್ಗುಲಲ್ಲೇ ಕೂತಿದ್ದೆ.

ಈಗ ಅಂಗಡಿಯವನು ಇನ್ನೊಂದು ಹೇಳಿದ್ದಾನೆ. ರೀಚಾರ್ಜ್ ಇಲ್ಲದ ನಂಬರನ್ನು ಬಹಳ ದಿನ ಇಟ್ಟುಕೊಳ್ಳುವುದಿಲ್ಲವಂತೆ. ಕಿತ್ತು ಬೇರೆ ಯಾರಿಗೋ ಕೊಡುತ್ತಾರೆ. ಆಮೇಲೆ ಬಟನ್ ಒತ್ತಿದರೆ ಆ ದನಿಯೂ ಬರುವುದಿಲ್ಲ.

"ಆ ದನಿ ಅಷ್ಟ ಇರೂ ಹಂಗ ಏನಾರ ಪ್ಲಾನ್ ಅದ ಏನಪಾ?"

"ಅದು ಪುಕ್ಕಟ ಅದ ಅಲ್ರಿ ಅಮ್ಮಾ. ಪುಕ್ಕಟದ್ದು ನಾ ಹ್ಯಾಂಗ ಮಾರ್ಲಿ?"

ತಂಗಿಯ ಮಗ ಆ ದನಿಯನ್ನು ತನ್ನ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದ. ಅವಳು ಮುಖ ತಿರುಗಿಸಿದಳು. ಅವಳ ಬಟನ್, ಅವಳ ಫೋನು, ಅದರೊಳಗಿಂದ ಬಂದರೆ ಮಾತ್ರ ಅಕ್ಕ. ನಂಬರು ಉಳಿಸಬೇಕೆಂದರೆ ರೀಚಾರ್ಜ್ ಹಾಕಿಸಬೇಕು. ಹಾಕಿಸಿದರೆ ಪ್ಲಾನು ಮುಗಿಯುವವರೆಗೆ ಅವಳಿಗೆ ಬರೀ ರಿಂಗು, ಮತ್ತೆ ಗೋಡೆಯ ಕಡೆ ಮುಖ, ಮತ್ತೆ ಊಟ ಬಿಡುವುದು. ಇನ್ನೊಮ್ಮೆ ಅಷ್ಟು ದಿನ ತಾಳುವ ಶಕ್ತಿ ಅವಳ ಮೈಯಲ್ಲಿಲ್ಲ. ಹಾಕಿಸದಿದ್ದರೆ ಒಂದು ದಿನ ಆ ಫೋನು ತಾನಾಗಿ ಸುಮ್ಮನಾಗುತ್ತದೆ. ಎರಡೂ ಕಡೆ ಅಕ್ಕ ಸತ್ತ ಹಾಗೆಯೇ. ಯಾವುದು ಯಾವಾಗ ಎಂದು ಹೇಳಬೇಕಾದವಳು ನಾನು.

ನಿನ್ನೆ ಅಂಗಡಿಯವರೆಗೂ ಹೋಗಿದ್ದೆ.

"ಹಾಕ್ಲೇನ್ರಿ ತಂಗೀ ನಂಬರಿಗಿ?" ಎಂದು ಕೇಳಿದ.

"ನನ್ನ ನಂಬರಿಗೆ ಹಾಕು," ಅಂದೆ. ಅವನು ಹಾಕಿದ. ಯಾರೂ ರಿಂಗ್ ಕೊಡದ ಫೋನನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಬಂದೆ.