ಕಾಪು ಕಡಲಿಗೆ ಬಿಟ್ಟ ಕಾಗದ

ಮಣಿಪಾಲದ ನಮ್ಮ ಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಬಂದ ಲಕ್ನೋದ ಹುಡುಗಿ ಡಾಕ್ಟರಿಕೆ ಓದುತ್ತಿದ್ದಳು. ರೋಗಿಗಳ ಜೊತೆ ಮಾತಾಡಲೆಂದು ಕಲಿತ ಕನ್ನಡ ಅವಳದು. ಯಾರು ಏನೇ ಹೇಳಿದರೂ ಮೊದಲು ಕೇಳುವುದು, "ಎಷ್ಟು ದಿನದಿಂದ?" ನಾನು ಅಣಕಿಸುತ್ತಿದ್ದೆ. ಅಮ್ಮ ಮಾತ್ರ ಉತ್ತರ ಕೊಟ್ಟಿದ್ದಳು: "ಆರು ವರ್ಷದಿಂದ, ಮಗಾ."

ಅಮ್ಮ ಕಾಯುತ್ತಿದ್ದದ್ದು ನನ್ನ ತಮ್ಮನನ್ನು. ಮೀನಿಗೆ ಹೋದವನು ಬೋಟಿನಿಂದ ಬಿದ್ದದ್ದನ್ನು ಜೊತೆಯವರು ಕಣ್ಣಾರೆ ಕಂಡಿದ್ದರು. ದೇಹ ಸಿಗಲಿಲ್ಲ. ಅಮ್ಮನಿಗೆ ಅಷ್ಟೇ ಸಾಕಾಯಿತು, ಉತ್ತರಕ್ರಿಯೆ ಮಾಡಲು ಬಿಡಲಿಲ್ಲ. ಮಳೆಗಾಲಕ್ಕೆ ಬೋಟುಗಳೆಲ್ಲ ದಡ ಸೇರುವಾಗ ಪ್ರತಿ ವರ್ಷ ಮಲ್ಪೆಗೆ ಹೋಗಿ ಇಳಿದವರ ಮುಖ ನೋಡಿ ಬರುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹುಡುಗಿ ಶಿಯಾ ಮುಸ್ಲಿಂ ಮನೆತನದವಳು. ಅವರ ಧರ್ಮಗುರುಗಳ ಸಾಲಿನಲ್ಲಿ ಕೊನೆಯವರಾದ ಹನ್ನೆರಡನೆಯ ಇಮಾಂ ಸತ್ತಿಲ್ಲವಂತೆ. ಸಾವಿರ ವರ್ಷ ದಾಟಿದರೂ ಕಣ್ಣಿಗೆ ಕಾಣದೆ ಇದ್ದಾರಂತೆ, ಒಂದು ದಿನ ಬಂದು ಅನ್ಯಾಯ ತುಂಬಿದ ಈ ಲೋಕದಲ್ಲಿ ನ್ಯಾಯ ತುಂಬುತ್ತಾರಂತೆ. ಅವರು ಹುಟ್ಟಿದ ದಿನ ಬೆಳಗ್ಗೆ ಕಷ್ಟಸುಖವನ್ನೆಲ್ಲ ಅವರಿಗೆ ಬರೆದು, ಕಾಗದವನ್ನು ಹಿಟ್ಟಿನ ಉಂಡೆಯೊಳಗಿಟ್ಟು ನೀರಿಗೆ ಬಿಡುವುದು ಅವಳ ಮನೆಯ ಪದ್ಧತಿ. ಊರಿನಲ್ಲಾದರೆ ಗೋಮತಿ ನದಿ. ಇಲ್ಲಿ?

"ಕಾಪುವಿಗೆ ಹೋಗುವ," ಎಂದಳು ಅಮ್ಮ. ಮೂವರೂ ಬಸ್ಸು ಹತ್ತಿದೆವು.

ಕಡಲ ಬದಿಯಲ್ಲಿ ಅವಳು ಬರೆದು ಮುಗಿಸುವಾಗ ಅಮ್ಮ ಹೇಳಿದಳು, "ಮಗಾ, ನಮ್ಮದೂ ಒಂದು ಸಾಲು ಬರಿ. ಅವರ ಹತ್ತಿರ ನನ್ನ ಮಗನೂ ಇದ್ದರೆ ಕಳಿಸಲಿಕ್ಕೆ ಹೇಳು."

ನನ್ನ ಬಾಯಿಗೆ ಬೀಗವಿಲ್ಲ. "ಎಂತ ಮರುಳು ಅಮ್ಮಾ ನಿನಗೆ! ಸತ್ತಿದ್ದಾನೆ ಅವನು. ಕಡಲು ತಿಂದ ಮಗ ತಿರುಗಿ ಬರ್ತಾನಾ? ಇಂಥದ್ದೇ ಒಂದು ಉಂಡೆ ಅವನಿಗೆ ಆರು ವರ್ಷದ ಹಿಂದೆಯೇ ಇಡಬೇಕಿತ್ತು!"

ಹುಡುಗಿಯ ಪೆನ್ನು ನಿಂತಿತು. "ಅಕ್ಕಾ, ಕಾಯುವುದು ರೋಗ ಅಲ್ಲ," ಎಂದಳು ಮೆಲ್ಲಗೆ.

"ಬೇಡ ಮಗಾ, ಬಿಡು," ಎಂದು ಅಮ್ಮ ಸೆರಗು ಸರಿಮಾಡಿಕೊಂಡು ರಸ್ತೆಯ ಕಡೆ ನಡೆದಳು.

ಮರುವಾರ ತಾನಾಗಿಯೇ "ಕ್ರಿಯೆ ಮಾಡಿಸು" ಎಂದಳು. ಮಾಡಿಸಿದೆ. ಗೆದ್ದೆ ಅಂದುಕೊಂಡೆ. ಆ ಮಳೆಗಾಲ ಅವಳು ಮಲ್ಪೆಗೆ ಹೋಗಲಿಲ್ಲ. ಊಟ ಕಡಿಮೆಯಾಯಿತು, ಮಾತು ಕಡಿಮೆಯಾಯಿತು, ದೀಪಾವಳಿಯ ಹೊತ್ತಿಗೆ ಅಮ್ಮನೇ ಇರಲಿಲ್ಲ. ವಯಸ್ಸಾಗಿತ್ತು ಬಿಡಿ ಎಂದರು ಬಂದವರೆಲ್ಲ. ಅಯ್ಯೋ, ಅವಳ ಜೀವ ಹಿಡಿದಿಟ್ಟದ್ದು ಆ ಕಾಯುವಿಕೆಯೇ ಎಂದು ಹೆತ್ತ ಮಗಳಾದ ನನಗೆ ತಿಳಿಯಬೇಡವೇ? ನನ್ನ ಹಾಳು ನಾಲಿಗೆ.

ಈ ವರ್ಷ ಹುಡುಗಿ ಮತ್ತೆ ಕಾಪುವಿಗೆ ಹೊರಟಾಗ ನಾನೂ ಹೋದೆ. ಬಂಡೆಯ ಮೇಲೆ ಕೂತು ಬರೆದಳು. ಉಂಡೆ ಕಟ್ಟುವಾಗ ಅವಳ ಕೈ ಹಿಡಿದೆ.

"ಸ್ವಲ್ಪ ನಿಲ್ಲು ಮಾರಾಯ್ತಿ. ನನ್ನ ತಮ್ಮನದ್ದು ಒಂದು ಸಾಲು ಉಂಟು."

ಅವಳು ಕಾಗದ ಬಿಡಿಸಿ, ರೂಢಿಯಂತೆ ಕೇಳಿದಳು, "ಎಷ್ಟು ದಿನದಿಂದ ಕಾಯ್ತಾ ಇದ್ದೀರಿ, ಅಕ್ಕಾ?"

"ಇವತ್ತಿನಿಂದ," ಎಂದೆ.