ಮೇಣದ ಕುಡಿಕೆಯ ಮುಚ್ಚಳ

ಆ ಮಂಗಳವಾರ ಸಿರಿಲ್ ಟಾಂಕ್ಸ್ ಎರಡು ಸಲ ಬೈದ, ಒಂದು ಸಲ ನಕ್ಕ. ಅವನ ಮಟ್ಟಿಗೆ ಅದು ಒಳ್ಳೆಯ ದಿನ.

ಬೈದದ್ದು ಗಾಳಿಗೆ. ಚರ್ಮದ ಕೆಲಸಕ್ಕೆ ಹೆಸರಾದ ವಾಲ್ಸಾಲ್ ಊರಿನ ಅವರ ಮನೆಯ ಹಿಂದೆ, ಅಂಗಳದಾಚೆ, ಒಂದು ಕಾಲಕ್ಕೆ ಬಟ್ಟೆ ಒಗೆಯುತ್ತಿದ್ದ ಇಟ್ಟಿಗೆ ಕೋಣೆಯೇ ಅವನ ಕೆಲಸದ ಜಾಗ. ಅದರ ಗೋಡೆಯಲ್ಲಿ, ಮೊಣಕಾಲಿನ ಎತ್ತರಕ್ಕೆ, ಒಂದು ಇಟ್ಟಿಗೆಯಷ್ಟು ಅಗಲದ ಗಾಳಿಕಿಂಡಿ. ಫೆಬ್ರವರಿಯ ಗಾಳಿ ಅಲ್ಲಿಂದ ನುಗ್ಗಿ ನೇರ ಯಂತ್ರಕ್ಕೆ ಬಡಿಯುತ್ತಿತ್ತು.

ಯಂತ್ರ ಅಂದರೆ ಮನೆಯಲ್ಲಿ ಬಟ್ಟೆ ಹೊಲಿಯುವಂಥದ್ದಲ್ಲ. ಎಂಬತ್ತು ವರ್ಷದ ಕಬ್ಬಿಣದ ಗೂಳಿ. ಕುದುರೆಯ ಜೀನು, ಕೊರಳಪಟ್ಟಿ, ಹೆಬ್ಬೆರಳು ದಪ್ಪದ ಚರ್ಮ, ಏನು ಕೊಟ್ಟರೂ ಹೊಲಿಯುತ್ತದೆ. ತಲೆಯ ಮೇಲೆ ಮೇಣದ ಕುಡಿಕೆ, ಅದರಡಿ ಅಂಗೈಯಗಲದ ಗ್ಯಾಸ್ ಒಲೆ. ನೂಲು ಬಿಸಿ ಕರಿಮೇಣದಲ್ಲಿ ಮುಳುಗೆದ್ದು ಸೂಜಿಗೆ ಬರಬೇಕು. ದಾರಿಯಲ್ಲಿ ಆರಿತೋ, ನೂಲು ಸೆಟೆದುಕೊಳ್ಳುತ್ತದೆ, ಹೊಲಿಗೆ ತಪ್ಪುತ್ತದೆ.

ಜೀನು ಮಾಡುವ ಕಾರ್ಖಾನೆಯ ನೆಲಮಾಳಿಗೆಯಲ್ಲಿ ನೀರು ನುಗ್ಗಿ ಈ ಯಂತ್ರ ತುಕ್ಕಿನ ಮುದ್ದೆಯಾಗಿತ್ತು. ಗುಜರಿಗೆ ಹಾಕಿ ಅಂದಿದ್ದರು. ಸಿರಿಲ್ ತಂದ. ನಾಲ್ಕು ತಿಂಗಳು ಸೀಮೆಎಣ್ಣೆಯಲ್ಲಿ ನೆನೆಸಿದ, ಕೆರೆದ, ಚಕ್ರದ ಮುರಿದ ಹಲ್ಲುಗಳನ್ನು ಹಿತ್ತಾಳೆಯಲ್ಲಿ ಅರದಿಂದ ಉಜ್ಜಿ ಮಾಡಿದ. ಅವನ ಕಿವಿ ಅರ್ಧ ಮಂದವಾಗಿತ್ತು. ಹಾಗಾಗಿ ಮರದ ಅಳತೆಕೋಲಿನ ಒಂದು ತುದಿ ಹಲ್ಲಲ್ಲಿ ಕಚ್ಚಿ, ಇನ್ನೊಂದು ತುದಿ ಯಂತ್ರಕ್ಕಿಟ್ಟು, ಚಕ್ರ ತಿರುಗಿಸಿ ಕೇಳುತ್ತಿದ್ದ. ಎಲ್ಲಿ ಸವೆದಿದೆ ಅಂತ ಹಲ್ಲಿಗೆ ಗೊತ್ತಾಗುತ್ತದೆ ಅನ್ನುತ್ತಿದ್ದ.

ನಕ್ಕದ್ದು ಸಂಜೆ. ಒಲೆ ಆರಿಸಿ ಅರ್ಧ ಗಂಟೆಯಾಗಿತ್ತು. ಎಡ್ನಾ ಊಟಕ್ಕೆ ಕರೆಯಲು ಬಂದಳು. ಅವನು ಕುಡಿಕೆಯ ಮೇಣಕ್ಕೆ ಹೆಬ್ಬೆರಳು ಒತ್ತುತ್ತಿದ್ದ. ದಿನಾ ಸಂಜೆ ಒತ್ತುತ್ತಿದ್ದ. ಬೇಗ ಗಟ್ಟಿಯಾದರೆ ನಾಳೆ ಕೊಬ್ಬು ಬೆರೆಸಬೇಕು, ಅಂಟಿದರೆ ರಾಳ.

"ಆ ಬೆರಳು ನನ್ನ ಟವೆಲಿಗೆ ಒರೆಸಿದ್ಯೋ, ನಿನ್ನ ತಟ್ಟೆ ಬೆಕ್ಕಿಗೆ ಇಡ್ತೀನಿ."

"ನಮ್ಮನೇಲಿ ಬೆಕ್ಕೆಲ್ಲಿದೆ ಹುಡುಗಿ?"

"ತರ್ತೀನಿ. ನಿನಗಿಂತ ಚೊಕ್ಕವಾಗಿರುತ್ತೆ."

ಅದಕ್ಕೆ ನಕ್ಕ. ಅರವತ್ತಮೂರರ ಹೆಂಡತಿಯನ್ನು ಅವನು ಹುಡುಗಿ ಅಂತಲೇ ಕರೆಯುತ್ತಿದ್ದ. ಹದಿನಾರರಲ್ಲಿ ಅವಳು ಜೀನಿನ ಕಾರ್ಖಾನೆಯಲ್ಲಿ ಹೊಲಿಗೆಗೆ ಸೇರಿದ್ದಳು, ಅವನು ಅಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುತ್ತಿದ್ದ. ಅವಳ ಹೊಲಿಗೆ ತಪ್ಪುತ್ತಿದೆ ಅಂತ ನೋಡಲು ಬಂದವನು ಮೊದಲು ಆಡಿದ ಮಾತು, "ಯಂತ್ರ ಸರಿ ಇದೆ ಹುಡುಗಿ, ಸೊಟ್ಟ ಕೂತಿರೋಳು ನೀನು."

ಕುಡಿಕೆಗೆ ಮುಚ್ಚಳ ಹಾಕಿ ಬಂದ. ಬೂದುಬಟಾಣಿ, ಹಂದಿಮಾಂಸ ಎರಡು ಸಲ ಹಾಕಿಸಿಕೊಂಡ.

"ನಾಳೆಯೂ ಆ ಗಾಳಿ ಹೀಗೇ ಬಂದ್ರೆ ಶುಕ್ರವಾರಕ್ಕೆ ಯಂತ್ರ ಕೊಡೋಕಾಗಲ್ಲ," ಅಂದ. ಕುರ್ಚಿಯಲ್ಲೇ ನಿದ್ದೆ ಹೋದ.

ಎಡ್ನಾ ಚರ್ಮದ ಚೂರುಗಳ ಡಬ್ಬಿ ತೆಗೆದಳು. ನಾಲ್ಕು ಪದರ ಜೋಡಿಸಿ, ಅಂಚು ಕೈಯಿಂದ ಹೊಲಿದು, ಇಟ್ಟಿಗೆಯ ಅಳತೆಗೆ ಒಂದು ಬಿರಡೆ ಮಾಡಿದಳು. ಹಿಂದಿನ ಕೋಣೆಗೆ ಹೋಗಿ ಕಿಂಡಿಗೆ ತುರುಕಿದಳು. ಕೂದಲೆಳೆಯಷ್ಟೂ ಗಾಳಿ ಬರಲಿಲ್ಲ. ಅವಳ ಕೈಕೆಲಸ ಯಾವತ್ತೂ ಸಡಿಲವಾಗಿರಲಿಲ್ಲ. ಬೆಳಿಗ್ಗೆ ನೋಡುತ್ತಾನೆ, ಏನಾದರೂ ಅನ್ನುತ್ತಾನೆ ಅಂದುಕೊಂಡಳು. ತಾನಾಗಿ ಹೇಳಲಿಲ್ಲ.

ಬುಧವಾರ ಅವನು ಎದ್ದು ಹೋದದ್ದು ಆರಕ್ಕೆ. ಒಂಬತ್ತೂವರೆಗೆ ಅವಳು ಚಹಾ ತೆಗೆದುಕೊಂಡು ಹೋದಳು. ಅವನು ಯಂತ್ರದ ತೋಳಿನ ಮೇಲೆ ತಲೆಯಿಟ್ಟು ಕೂತಿದ್ದ. ಅಳತೆಕೋಲು ನೆಲಕ್ಕೆ ಬಿದ್ದಿತ್ತು. ಕೈ ತಣ್ಣಗಿತ್ತು. ಕೆಳಬದಿಯ ಕೆನ್ನೆ ಕೆಂಪಗಿತ್ತು.

ಆ ಕೆಂಪನ್ನು ಅವಳು ಮೊದಲೂ ಒಮ್ಮೆ ಕಂಡಿದ್ದಳು. ಅವಳ ಚಿಕ್ಕಮ್ಮ ಗ್ಯಾಸಿನಿಂದ ಸತ್ತಾಗ ಕೆನ್ನೆ ಹೀಗೇ ಇತ್ತು, ಮಲಗಿದ ಮಗುವಿನ ಹಾಗೆ. ಗಾಳಿಯಾಡದ ಕೋಣೆಯಲ್ಲಿ ಒಲೆ ಉರಿದರೆ ವಾಸನೆಯಿಲ್ಲದ ವಿಷ ತುಂಬುತ್ತದೆ ಅಂತ ಆಗ ಡಾಕ್ಟರು ಹೇಳಿದ್ದರು.

ಅವಳ ಕೈ ತಾನಾಗಿ ಗ್ಯಾಸಿನ ತಿರುಪಿಗೆ ಹೋಯಿತು, ಮುಚ್ಚುವ ಕಡೆಗೆ ಒತ್ತಿತು. ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ನೆನಪಾಗಲಿಲ್ಲ. ತಿರುಪು ತಿರುಗಿತ್ತೋ, ಮೊದಲೇ ಮುಚ್ಚಿದ್ದು ಕೈಗೆ ಗಟ್ಟಿ ಸಿಕ್ಕಿತ್ತೋ. ಒಲೆಯಲ್ಲಿ ನೀಲಿ ಉರಿ ಇತ್ತೋ ಇಲ್ಲವೋ. ನೋಡಲೇ ಇಲ್ಲ. ನೋಡಿದ್ದು ಕಿಂಡಿಯ ಕಡೆಗೆ.

ಬಿರಡೆ ಕಿತ್ತಳು. ಏಪ್ರನ್ನಿನ ಜೇಬಿಗೆ ಹಾಕಿದಳು. ಅದಾದ ಮೇಲೆ ಪಕ್ಕದ ಮನೆಗೆ ಫೋನ್ ಮಾಡಲು ಓಡಿದಳು. ಮೊದಲು ಬಿರಡೆ, ಆಮೇಲೆ ಗಂಡ. ಅದನ್ನು ಅವಳು ಮರೆತಿಲ್ಲ.

ಮಾರನೆಯ ದಿನ ಪಿಕರಿಂಗ್ ಬಂದ. ದಿಢೀರ್ ಸಾವುಗಳ ವಿಚಾರಣೆ ನೋಡುವ ಪೊಲೀಸಿನವ, ಮೆತ್ತಗೆ ಮಾತಾಡುವವ. ಕೋಣೆಯಲ್ಲಿ ನಿಂತು ಒಲೆ ನೋಡಿದ, ಬಗ್ಗಿ ಕಿಂಡಿ ನೋಡಿದ.

"ಇದು ಯಾವಾಗ್ಲೂ ತೆರೆದೇ ಇರುತ್ತಾ, ಮಿಸೆಸ್ ಟಾಂಕ್ಸ್?"

"ತೆರೆದೇ ಇರುತ್ತೆ."

"ಬುಧವಾರ ಬೆಳಿಗ್ಗೆನೂ?"

ಜೇಬಿನಲ್ಲಿ ಬಿರಡೆ ತೊಡೆಗೆ ಒತ್ತುತ್ತಿತ್ತು. "ಹೂಂ."

ಅವನು ಬರೆದುಕೊಂಡ. "ಹೃದಯ ಅಂತಾರೆ ಡಾಕ್ಟರು. ಗಾಳಿ ಚೆನ್ನಾಗೇ ಆಡ್ತಿದೆ, ಹಾಗಾಗಿ ರಕ್ತ ಪರೀಕ್ಷೆಗೆ ಕಳಿಸೋ ಅಗತ್ಯ ಕಾಣಲ್ಲ. ನೀವು ಒಂದಿಷ್ಟು ಮಲಗಿ."

ಅವನು ಹೋದ ಮೇಲೆ ಅವಳಿಗೆ ತಾನೇನು ಮಾಡಿದೆನೆಂದು ತಿಳಿಯಿತು. ಸಿರಿಲ್ ಹೇಗೆ ಸತ್ತ ಅನ್ನುವುದನ್ನು ಒಂದು 'ಹೂಂ'ನಲ್ಲಿ ಮುಚ್ಚಿಬಿಟ್ಟಿದ್ದಳು. ಅದೂ ಬಿರಡೆಯಷ್ಟೇ ಬಿಗಿಯಾಗಿ.

ಆಮೇಲಿನ ಹತ್ತು ದಿನ ಅವಳು ಹೆದರಿಕೆಯಲ್ಲೇ ಉಂಡಳು, ಹೆದರಿಕೆಯಲ್ಲೇ ಉಟ್ಟಳು. ಬಾಗಿಲು ಯಾರೇ ತಟ್ಟಲಿ, ಪೊಲೀಸು ಅಂದುಕೊಂಡು ಜೇಬನ್ನು ಒತ್ತಿ ಹಿಡಿಯುತ್ತಿದ್ದಳು. ಅಡುಗೆಮನೆಯ ಒಲೆ ಹೊತ್ತಿಸಲಾಗಲಿಲ್ಲ. ಬ್ರೆಡ್ಡು, ತಣ್ಣನೆಯ ಮಾಂಸ ತಿಂದಳು. ಕಿಟಕಿಗಳನ್ನೆಲ್ಲ ತೆರೆದಿಟ್ಟು, ಕೋಟು ಹಾಕಿಕೊಂಡು ಒಳಗೆ ಕೂತಳು. ಬಿರಡೆಯನ್ನು ಸುಡುವಂತಿರಲಿಲ್ಲ. ಚರ್ಮ ಸುಟ್ಟ ವಾಸನೆ ಆ ಬೀದಿಯ ಮೂಗುಗಳಿಗೆ ತಕ್ಷಣ ಗೊತ್ತಾಗುತ್ತದೆ, ಏನು ಸುಟ್ಟೆ ಅಂತ ಕೇಳಿಯೇ ಕೇಳುತ್ತಾರೆ. ಕಸಕ್ಕೆ ಹಾಕಿದರೆ ಅವಳ ಹೊಲಿಗೆಯನ್ನು ಗುರುತು ಹಿಡಿಯುವವರು ಊರಲ್ಲಿ ಇನ್ನೂ ಹತ್ತು ಜನ ಇದ್ದರು. ಶವಪೆಟ್ಟಿಗೆ ಇಳಿಸುವಾಗಲೂ ಅದು ಅವಳ ಜೇಬಿನಲ್ಲೇ ಇತ್ತು.

ನಿಜ ಹೇಳುವ ವಸ್ತು ಒಂದಿತ್ತು. ಅದು ಅವಳಿಗೆ ಗೊತ್ತಿತ್ತು. ಬುಧವಾರ ಒಲೆ ಹೊತ್ತಿದ್ದರೆ ಮೇಣ ಕರಗಿರುತ್ತದೆ, ಆಮೇಲೆ ಆರಿ ಮೇಲ್ಮೈ ನುಣ್ಣಗೆ ಕೂತಿರುತ್ತದೆ. ಹೊತ್ತಿರದಿದ್ದರೆ ಮಂಗಳವಾರ ಅವನು ಒತ್ತಿದ ಹೆಬ್ಬೆರಳಿನ ಗುರುತು ಅಲ್ಲೇ ಇರುತ್ತದೆ. ಒಂದು ಮುಚ್ಚಳ ಎತ್ತಿದರೆ ಮುಗಿಯಿತು. ಮೂರು ಸಲ ಕೋಣೆಗೆ ಹೋದಳು. ಮೂರು ಸಲವೂ ಮುಚ್ಚಳದ ಹಿಡಿ ಮುಟ್ಟದೆ ವಾಪಸು ಬಂದಳು. ನುಣ್ಣಗಿದ್ದರೆ ಆಮೇಲೆ ಅವಳು ಎಲ್ಲಿಗೆ ಹೋಗಬೇಕು?

ಹನ್ನೊಂದನೆಯ ದಿನ ರಾನ್ ಹ್ಯಾಡ್ಲಿ ವ್ಯಾನು ತಂದ. ಜೀನಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಸಿರಿಲ್‌ನ ಜೊತೆ ನಲವತ್ತು ವರ್ಷ ಜಗಳ ಆಡಿಕೊಂಡು ಬಂದವನು.

"ಅವಸರ ಇಲ್ಲ ಎಡ್ನಾ. ಮುಂದಿನ ವಾರ ಬೇಕಾದ್ರೂ ಬರ್ತೀನಿ."

"ತಗೊಂಡು ಹೋಗು. ನಿಮ್ಮ ಯಂತ್ರ."

ರಾನ್ ಚಕ್ರಕ್ಕೆ ಕೈಹಾಕಿ ಒಂದು ಸುತ್ತು ತಿರುಗಿಸಿದ. ಸೂಜಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದು ಎದ್ದಿತು. "ಕಳ್ಳ ನನ್ಮಗ," ಅಂದ ಮೆಲ್ಲಗೆ. "ಆಗಲ್ಲ ಆಗಲ್ಲ ಅಂತ ನಾಲ್ಕು ತಿಂಗಳು ನನ್ನ ತಲೆ ತಿಂದ. ನೋಡು ಹೇಗೆ ಮಾಡಿಟ್ಟಿದ್ದಾನೆ." ಆಮೇಲೆ ಜೇಬಲ್ಲಿ ಬೆಂಕಿಪೊಟ್ಟಣ ಹುಡುಕಿದ. "ಒಯ್ಯೋ ಮೊದಲು ಒಂದು ಸಲ ಹೊತ್ತಿಸಿ, ನಾಲ್ಕು ಹೊಲಿಗೆ ಹಾಕಿ ನೋಡ್ಲಾ?"

"ಬೇಡ."

"ಐದೇ ನಿಮಿಷ. ಮೇಣ ಹೇಗಿದೆ ಅಂತ..." ಅವನ ಕೈ ಮುಚ್ಚಳಕ್ಕೆ ಹೋಯಿತು.

"ಮುಟ್ಟಬೇಡ ರಾನ್."

ಅವಳ ದನಿಗೆ ಅವನು ಕೈ ಹಿಂದೆ ತೆಗೆದ. ಅವನು ಬೆಂಕಿಪೊಟ್ಟಣವನ್ನು ಜೇಬಿಗೆ ಇಟ್ಟುಕೊಂಡ. ಅದನ್ನು ನೋಡಿ ಅವಳಿಗೆ ಅನ್ನಿಸಿತು, ಇವತ್ತಲ್ಲದಿದ್ದರೆ ನಾಳೆ ಇವನು ಅಲ್ಲಿ ಹೊತ್ತಿಸುತ್ತಾನೆ. ಮೇಣ ಕರಗುತ್ತದೆ. ಆಮೇಲೆ ಸಾಯುವವರೆಗೂ ತನಗೆ ಗೊತ್ತಾಗುವುದಿಲ್ಲ.

ಅವಳೇ ಎತ್ತಿದಳು.

ಹೆಬ್ಬೆರಳು ಅಲ್ಲಿತ್ತು. ಕರಿಮೇಣದ ನಡುವೆ, ಒಂದು ಬೀನ್ಸ್ ಕಾಳಿನಷ್ಟು ಆಳಕ್ಕೆ. ಅಡ್ಡಕ್ಕೆ ಒಂದು ಗೆರೆಯೂ ಇತ್ತು, ಇಪ್ಪತ್ತರ ವಯಸ್ಸಿನಲ್ಲಿ ಸೂಜಿ ಅವನ ಬೆರಳೊಳಗೆ ಹೊಕ್ಕು ಹೊರಬಂದ ಗಾಯದ ಗೆರೆ.

ಅವಳು ಸಿರಿಲ್ ಕೂರುತ್ತಿದ್ದ ಮಣೆಯ ಮೇಲೆಯೇ ಕೂತಳು. ಜೇಬಿನಿಂದ ಬಿರಡೆ ತೆಗೆದು ರಾನ್‌ನ ಕೈಗಿಟ್ಟು ಎಲ್ಲ ಹೇಳಿದಳು. ಅವನು ಬಿರಡೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಅವನು ಒಲೆ ಹೊತ್ತಿಸಲೇ ಇಲ್ಲ ಎಡ್ನಾ. ಮೊದಲು ಎಣ್ಣೆ, ಆಮೇಲೆ ಬೆಂಕಿ. ಅವನು ಯಾವಾಗ್ಲೂ ಹಾಗೇ. ಎಣ್ಣೆ ಬಿಟ್ಟು, ಕೋಲಿಟ್ಟು ಕೇಳ್ತಾ ಇರೋವಾಗ್ಲೇ ಹೋಗಿದ್ದಾನೆ. ಇನ್ನು ಇದನ್ನ ಯಾರಿಗೂ ಹೇಳ್ಬೇಡ. ಬಾಯಿ ಮುಚ್ಚಿಕೊಂಡು ಇದ್ದುಬಿಡು."

"ಪೊಲೀಸಿನವನ ಪುಸ್ತಕದಲ್ಲಿ ನಾನು ಹೇಳಿದ ಸುಳ್ಳು ಕೂತಿದೆ."

"ಕೂತಿರಲಿ ಬಿಡು."

"ಸಿರಿಲ್‌ನ ಹೆಸರಿನ ಕೆಳಗೆ ಕೂತಿದೆ. ಆ ಪೊಲೀಸಿನವನನ್ನ ಕರಿ."

ಪಿಕರಿಂಗ್ ಬರುವವರೆಗೂ ರಾನ್ ವ್ಯಾನಿನಲ್ಲಿ ಕಾದ. ಪಿಕರಿಂಗ್ ಬಂದು ಮೇಣ ನೋಡಿದ, ಬಿರಡೆ ನೋಡಿದ, ಅವಳನ್ನು ನೋಡಿದ. ಅವಳು ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡಿದ್ದಳು, ಬೇಡಿ ಹಾಕುತ್ತಾನೇನೋ ಅನ್ನುವ ಹಾಗೆ.

"ಇದನ್ನ ಅವತ್ತೇ ಹೇಳಿದ್ರೆ ನೀವು ಹತ್ತು ದಿನ ಹೀಗೆ ಸಾಯೋದು ತಪ್ತಿತ್ತು," ಅಂದ. "ಅವತ್ತು ಡಾಕ್ಟರು ತೆಗೆದ ರಕ್ತ ಇನ್ನೂ ಇಟ್ಟಿದ್ದಾರೆ. ಪರೀಕ್ಷೆ ಮಾಡಿಸ್ತೀನಿ. ಬೆರಳನ್ನ ನಂಬಬೇಡಿ ಅಂತ ಅಲ್ಲ. ನಿಮಗೆ ಕಾಗದದ ಮೇಲೂ ಬೇಕಾಗುತ್ತೆ."

ಮೂರು ವಾರದಲ್ಲಿ ಕಾಗದ ಬಂತು. ರಕ್ತದಲ್ಲಿ ವಿಷ ಇರಲಿಲ್ಲ. ಹೃದಯದ ನಾಳ ಮುಚ್ಚಿತ್ತು. ಕೆನ್ನೆ ಕೆಂಪಗಿದ್ದದ್ದು ಸತ್ತ ಮೇಲೆ ರಕ್ತ ಕೆಳಬದಿಗೆ ಇಳಿದದ್ದರಿಂದ, ಚಳಿಯಿಂದ. ಅವಳು ಅದನ್ನು ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿಕೊಂಡು ಎರಡು ಸಲ ಓದಿದಳು.

ಅದಕ್ಕೂ ಮೊದಲೇ ಯಂತ್ರ ಹೋಗಿತ್ತು. ಒಯ್ಯುವ ದಿನ ರಾನ್ ತಲೆ ಕೆರೆದುಕೊಂಡು ನಿಂತ.

"ಆ ಮೇಣಾನ ಹಾಗೇ ಎಬ್ಬಿಸಿ ನಿನಗೆ ಕೊಟ್ಬಿಡ್ಲಾ? ನಾವು ಹೊಸದು ಹಾಕ್ಕೋತೀವಿ."

ಅವಳಿಗೆ ಬೇಕು ಅನ್ನಿಸಿತು. ಬೇಕೇ ಬೇಕು ಅನ್ನಿಸಿತು.

"ಹೊಸ ಮೇಣ ಹದಕ್ಕೆ ಬರೋಕೆ ಎರಡು ವಾರ ಹಿಡಿಯುತ್ತೆ," ಅಂದಳು. "ಅವನು ಹದ ಮಾಡಿಟ್ಟಿದ್ದಾನೆ. ಹೊತ್ತಿಸಿ."

ಹೊತ್ತಿಸಿದರು. ಈಗ ಅದು ಕೊರಳಪಟ್ಟಿ ಹೊಲಿಯುತ್ತಿದೆ. ಹೊಲಿಗೆ ತಪ್ಪುವುದಿಲ್ಲವಂತೆ.

ಹಿಂದಿನ ಕೋಣೆಯಲ್ಲಿ ಈಗ ಯಂತ್ರವಿಲ್ಲ, ಒಲೆಯಿಲ್ಲ, ಗ್ಯಾಸಿನ ಕೊಳವೆಯನ್ನೂ ಕಿತ್ತು ಬಾಯಿ ಮುಚ್ಚಿಸಿದ್ದಾಳೆ. ಹೆದರಿಕೆ ಮಾತ್ರ ಕಾಗದ ಓದಿಕೊಂಡು ಎದ್ದು ಹೋಗಲಿಲ್ಲ. ದಿನಾ ಬೆಳಿಗ್ಗೆ ಆರಕ್ಕೆ, ಚಹಾಕ್ಕೆ ನೀರಿಡುವ ಮೊದಲು, ಎಡ್ನಾ ಕೋಟು ಹಾಕಿಕೊಂಡು ಅಂಗಳ ದಾಟುತ್ತಾಳೆ. ಮೊಣಕಾಲೂರಿ, ಕಿಂಡಿಯಲ್ಲಿ ಸೇರಿದ ಎಲೆ, ಜೇಡರಬಲೆಗಳನ್ನು ಬೆರಳಿನಿಂದ ತೆಗೆಯುತ್ತಾಳೆ. ಆಮೇಲೆ ಅಂಗೈ ಚಾಚಿ, ಗಾಳಿ ತಣ್ಣಗೆ ಬಂದು ಕೈಗೆ ತಾಕುವವರೆಗೂ ಅಲ್ಲೇ ಕೂತಿರುತ್ತಾಳೆ.