ರೈಟರು ಹೇಳಿದ ಎರಡು ಸುತ್ತು

ಇಂಧನವೆಂಬುದು ಮೂಲತಃ ನಂಬಿಕೆಯ ವಿಷಯ. ಟ್ಯಾಂಕಿನ ಒಳಗನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಮುಳ್ಳು ತೋರಿಸಿತೆಂದೋ, ಯಾರೋ ಹೇಳಿದರೆಂದೋ ನಂಬಿ ಮನುಷ್ಯ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುತ್ತಾನೆ. ಇಷ್ಟು ಗಂಭೀರವಾದ ಸತ್ಯವನ್ನು ನಾನು ಕಂಡುಕೊಂಡದ್ದು ಟಿವಿಯಲ್ಲಿ ಆಡುವ ಕಾರಿನ ಆಟದಿಂದ, ಅದೂ ಅರವತ್ತೆಂಟನೆಯ ವಯಸ್ಸಿನಲ್ಲಿ, ಕಾಳುಮೆಣಸಿನ ಚೀಲದ ಮೇಲೆ ಕೂತು.

ಕಳಸದ ದಾರಿಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಮೂವತ್ತೊಂದು ವರ್ಷ ರೈಟರಾಗಿದ್ದೆ. ಆಳುಗಳ ಹಾಜರಿ, ಗೊಬ್ಬರದ ಚೀಲ, ಮಳೆ ಎಷ್ಟು ಇಂಚು ಎಷ್ಟು ಸೆಂಟು ಬಿತ್ತು, ಡ್ರಮ್ಮಿನಲ್ಲಿ ಡೀಸೆಲ್ ಎಷ್ಟಿದೆ, ಇವನ್ನು ಬರೆದಿಡುವುದು ರೈಟರ ಕೆಲಸ. ಕಲ್ಪನಾಶಕ್ತಿ ಬೇಕಾಗುತ್ತಿದ್ದುದು ಕೊನೆಯ ಬಾಬ್ತಿಗೆ ಮಾತ್ರ.

ಡ್ರಮ್ಮಿನಲ್ಲಿ ನಲವತ್ತು ಲೀಟರ್ ಇದೆ ಎಂದು ಸಾಹುಕಾರರಿಗೆ ಗೊತ್ತಾದರೆ, ಆ ನಲವತ್ತೂ ಸಂಜೆಯೊಳಗೆ ಮುಗಿಯುವಂಥ ಕೆಲಸ ಅವರಿಗೆ ಹೊಳೆಯುತ್ತದೆ. ಮರುದಿನ ರಸ್ತೆಗೆ ಮರ ಬಿದ್ದು, ಕರೆಂಟ್ ಹೋಗಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಯಂತ್ರ ನಿಂತಾಗ, "ಎಂತ ರೈಟ್ರೇ, ಮುಂದಾಲೋಚನೆ ಬೇಡ್ವಾ?" ಎಂದು ಕೇಳುವವರೂ ಅವರೇ. ಆದ್ದರಿಂದ ನಲವತ್ತಿದ್ದರೆ ಮೂವತ್ತು ಎನ್ನಬೇಕು. ಉಳಿದ ಹತ್ತು ಲೀಟರು ಒಂದು ಕ್ಯಾನಿನಲ್ಲಿ ರೈಟರ ಮಂಚದಡಿ ಇರಬೇಕು. ನನಗಿಂತ ಹಿಂದಿನ ರೈಟರು ಗೋಡೌನಿನ ಬೀಗದ ಕೈ ಒಪ್ಪಿಸುವಾಗ ಈ ಕ್ಯಾನನ್ನೂ ಒಪ್ಪಿಸಿ ಹೋಗಿದ್ದರು. ಅದರ ಒಂದು ಹನಿಯೂ ಯಾರ ಮನೆಗೂ ಹೋಗಲಿಲ್ಲ. ಇದಕ್ಕೆ ಕಳ್ಳತನ ಎನ್ನುವುದಿಲ್ಲ, ಆಡಳಿತ ಎನ್ನುತ್ತಾರೆ.

ಈ ಆಡಳಿತದ ಒಳಗುಟ್ಟು ಬಲ್ಲವನು ಒಬ್ಬನೇ, ಎಸ್ಟೇಟಿನ ಜೀಪ್ ಡ್ರೈವರ್. ಅವನ ಜೀಪಿನ ಡೀಸೆಲ್ ಮುಳ್ಳು ಅವನು ಕೆಲಸಕ್ಕೆ ಸೇರುವ ಮೊದಲೇ ಸತ್ತಿತ್ತು. ಟ್ಯಾಂಕಿಗೆ ಕಾಫಿ ಗಿಡದ ಕೋಲು ಅದ್ದಿ, ಒದ್ದೆಯಾದಷ್ಟನ್ನು ಬೆರಳಿನಲ್ಲಿ ಅಳೆದು, "ಹೊರನಾಡಿಗೆ ಹೋಗ್ಲಿಕ್ಕೆ ಸಾಕು, ಬರ್ಲಿಕ್ಕೆ ಅಮ್ಮನೋರು ಇದ್ದಾರೆ" ಎನ್ನುವವನು. ಡೀಸೆಲ್ ಖಾಲಿ ಎಂದು ನಾನು ಹೇಳಿದರೆ, "ನಿಮ್ಮ ಖಾಲಿ ನಂಗೆ ಸಾಕು ರೈಟ್ರೇ" ಎಂದು ಆಲಿಕೆ ಹಿಡಿದುಕೊಂಡು ನನ್ನ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದ.

ಇಬ್ಬರೂ ಒಂದೇ ವರ್ಷ ಕೆಲಸ ಬಿಟ್ಟೆವು. ಎಸ್ಟೇಟಿನವರು ಹೊಸ ಗಾಡಿ ತೆಗೆದುಕೊಂಡಾಗ ಆ ಹಳೆಯ ಜೀಪು ಅವನ ಪಾಲಿಗೆ ಬಂತು. ಮೂಡಿಗೆರೆಯ ಹೊರಗೆ ಮಗಳು ಅಳಿಯನ ಜೊತೆ ಅವನ ಸಂಸಾರ. ನಾಲ್ಕು ಮನೆ ಆಚೆ ನನ್ನದು. ಜೀಪಿಗೆ ಹ್ಯಾಂಡ್‌ಬ್ರೇಕು ಇರಲಿಲ್ಲ. ನಿಲ್ಲಿಸಿದಾಗ ಹಿಂದಿನ ಚಕ್ರಕ್ಕೊಂದು ಕಲ್ಲು ಕೊಡಬೇಕು. ಒಂದು ಬೆಳಿಗ್ಗೆ ಕಲ್ಲು ಮರೆತುಹೋಯಿತು. ಜೀಪು ಡ್ರೈವರಿಲ್ಲದೆಯೇ ಬಹಳ ನೇರವಾಗಿ ಹಿಂದಕ್ಕೆ ಹೋಗಿ, ಹನ್ನೊಂದು ಕಾಫಿ ಗಿಡ ಮಲಗಿಸಿ, ಬಚ್ಚಲುಮನೆಯ ಗೋಡೆಗೆ ಒರಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ; ಅಳಿಯ ಮಾತ್ರ ಅರ್ಧ ಸ್ನಾನದಲ್ಲಿ ಹೊರಗೆ ಬಂದ.

ಮಗಳು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಅವಳು ಕೂಗಾಡಲಿಲ್ಲ. ಜೀಪಿನ ಕೀ ತೆಗೆದು ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಅಂದಿನಿಂದ ಅವನು ಬಸ್ಸಿನ ಮನುಷ್ಯನಾದ. ಊರಿನ ಅರ್ಧ ಬಸುರಿಯರನ್ನು ಹೆರಿಗೆಗೆ ಆಸ್ಪತ್ರೆಗೆ ಮುಟ್ಟಿಸಿದವನು, ಸ್ಟಾಪಿನಲ್ಲಿ ಕೊಡೆ ಹಿಡಿದು ನಿಂತರೆ ಹೋಗಿ ಬರುವವರೆಲ್ಲ, "ಎಂತ ಅಣ್ಣ, ಗಾಡಿ ಎಂತಾಯ್ತು?" ಎಂದು ಕೇಳುವರು. ಬಸ್ಸಿನಲ್ಲಿ ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಪ್ರತಿ ತಿರುವಿನಲ್ಲೂ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಅಳಿಯ ಕಾಫಿ ಕ್ಯೂರಿಂಗ್ ಕೆಲಸದಲ್ಲಿದ್ದ. ಮೆಣಸಿನ ಚೀಲ ಇಡುವ ಕೋಣೆಯಲ್ಲಿ ಕಬ್ಬಿಣದ ಚೌಕಟ್ಟು ಕಟ್ಟಿ, ಸ್ಟೇರಿಂಗು ಪೆಡಲುಗಳನ್ನು ಬಿಗಿದು, ಎದುರಿಗೆ ಟಿವಿ ಇಟ್ಟು, ಭಾನುವಾರ ಮಧ್ಯಾಹ್ನ ಇಂಟರ್ನೆಟ್ಟಿನಲ್ಲಿ ಬೇರೆ ಬೇರೆ ಊರಿನವರೊಡನೆ ರೇಸ್ ಆಡುತ್ತಿದ್ದ. ಒಮ್ಮೆ ಸುಮ್ಮನೆ, "ಕೂರಿ ಮಾವ" ಎಂದ. ಮಾವ ಕೂತವನು ಊಟಕ್ಕೆ ಏಳಲಿಲ್ಲ. ಹದಿನೈದು ದಿನದಲ್ಲಿ ತಿರುವುಗಳಲ್ಲಿ ಅಳಿಯನನ್ನೇ ಹಿಂದೆ ಹಾಕತೊಡಗಿದ. ಮೂವತ್ತಮೂರು ವರ್ಷ ಘಾಟಿಯಲ್ಲಿ ಲೋಡ್ ಹೊತ್ತು ಓಡಿಸಿದವನಿಗೆ ಅದು ದೊಡ್ಡದಲ್ಲ. ಬಾರದೆ ಇದ್ದದ್ದು ನಿಲ್ಲಿಸುವ ಕೆಲಸ.

ಆ ಆಟದಲ್ಲಿ ಓಡಿಸುತ್ತಲೇ ಇದ್ದರೆ ಆಗುವುದಿಲ್ಲ. ನಡುವೆ ಪಿಟ್ ಎಂಬ ಪಕ್ಕದ ಓಣಿಗೆ ಹೊಕ್ಕು, ಪೆಟ್ರೋಲು ತುಂಬಿಸಿ, ಟೈರು ಬದಲಿಸಿಕೊಂಡು ಹೊರಡಬೇಕು. ಯಾವಾಗ ನಿಲ್ಲುವುದು, ಎಷ್ಟು ತುಂಬಿಸುವುದು ಎಂಬುದರ ಮೇಲೆ ಸೋಲು ಗೆಲುವು.

"ಅರ್ಧ ದಾರೀಲಿ ಎಂತಕ್ಕೆ ನಿಲ್ಸೋದು? ಮೊದ್ಲೇ ತುಂಬಿಸ್ಕೊಂಡು ಹೊರಟ್ರಾಯ್ತಪ್ಪ."

"ಟ್ಯಾಂಕ್ ಅಷ್ಟೇ ಹಿಡ್ಯೋದು ಮಾವ. ಮತ್ತೆ ಜಾಸ್ತಿ ಹಾಕಿದ್ರೆ ಭಾರ ಆಗಿ ಕಾರು ನಿಧಾನ ಆಗುತ್ತೆ."

"ನಾಲ್ಕು ಟೈರೂ ಬದಲಿಸ್ತಾರೆ ಅಂದ್ಯಲ್ಲ, ಹಳೇದು ಎಂತ ಮಾಡ್ತಾರೆ?"

"ಬಿಸಾಕ್ತಾರೆ."

"ಅರ್ಧ ಗಂಟೆ ಓಡಿದ ಟೈರು! ಯಾವ ಎಸ್ಟೇಟಿಂದು ಮಾರಾಯ ಈ ಕಾರು?"

ನನ್ನ ನೇಮಕವಾದದ್ದು ಈ ಹಂತದಲ್ಲಿ. ಡ್ರೈವರಿಗೆ ದೂರದ ಕಣ್ಣು ಹದ್ದಿನದು, ಎದುರು ಗುಡ್ಡದ ಮೇಲೆ ಯಾರ ದನ ಮೇಯುತ್ತಿದೆ ಎಂದು ಹೇಳಬಲ್ಲ. ಆದರೆ ಟಿವಿಯ ಮೂಲೆಯಲ್ಲಿ ಇರುವೆಯಷ್ಟು ದೊಡ್ಡದಾಗಿ ಬರುವ ಪೆಟ್ರೋಲಿನ ಅಂಕಿ ಕಾಣದು. ಕಂಡರೂ ನಂಬುವವನಲ್ಲ, ಅಲ್ಲಿಗೆ ಕೋಲು ಅದ್ದಲು ಆಗುವುದಿಲ್ಲವಲ್ಲ. "ಅಂಕಿ ಓದ್ಲಿಕ್ಕೆ ರೈಟರು ಇದ್ದಾರಲ್ಲ" ಎಂದ ಅಳಿಯ. ಈ ಹುದ್ದೆಗೆ ರೇಸ್ ಎಂಜಿನಿಯರ್ ಎಂಬ ಹೆಸರಿದೆಯಂತೆ. ಎಸ್ಸೆಸ್ಸೆಲ್ಸಿಗೆ ನಿಂತ ನಾನು ಎಂಜಿನಿಯರಾದದ್ದು ಹೀಗೆ. ಗೆರೆ ಹಾಕಿದ ಪುಸ್ತಕ, ಎರಡು ಬಣ್ಣದ ಪೆನ್ನು ತಂದು ಮೆಣಸಿನ ಚೀಲದ ಮೇಲೆ ಅಧಿಕಾರ ಸ್ವೀಕರಿಸಿದೆ.

ಆರಂಭ ಅಷ್ಟು ಚೆನ್ನಾಗಿರಲಿಲ್ಲ. ಮಳೆ ಬಂದರೆ ಬೇರೆ ಟೈರು ಹಾಕಿಸಬೇಕೆಂದು ಅಳಿಯ ಹೇಳಿಕೊಟ್ಟಿದ್ದ. ಮಳೆಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂವತ್ತೊಂದು ವರ್ಷ ಸೆಂಟು ಲೆಕ್ಕದಲ್ಲಿ, ಅಂದರೆ ಇಂಚಿನ ನೂರರಲ್ಲೊಂದು ಪಾಲಿನವರೆಗೆ, ಅಳೆದವನು. ಎರಡನೆಯ ಅಭ್ಯಾಸದ ದಿನ ತಗಡಿನ ಮಾಡಿನ ಮೇಲೆ ಹನಿ ಬಿದ್ದದ್ದೇ, "ಒಳಗೆ ತಗೋ ಮಾರಾಯ! ಮಳೆ ಟೈರು!" ಎಂದು ಕೂಗಿದೆ. ಡ್ರೈವರ್ ನನ್ನ ಮಾತಿಗೆ ಬೆಲೆ ಕೊಟ್ಟು ಟೈರು ಬದಲಿಸಿಕೊಂಡು ಹೊರಗೆ ಬಂದರೆ ಟಿವಿಯಲ್ಲಿ ರಣಬಿಸಿಲು. ಮಳೆ ಬರುತ್ತಿದ್ದುದು ಮೂಡಿಗೆರೆಯಲ್ಲಿ. ಅಂದು ನಾವು ಕೊನೆಯವರಾದೆವು.

ಪೆಟ್ರೋಲಿನ ವಿಷಯದಲ್ಲಿ ಮಾತ್ರ ನನ್ನ ಅನುಭವ ಕೈಬಿಡಲಿಲ್ಲ. ಇನ್ನೆಷ್ಟು ಸುತ್ತಿಗೆ ಸಾಕು ಎಂದು ಅವನು ಕೇಳಿದಾಗ, ಅಂಕಿ ನಾಲ್ಕು ಎನ್ನುತ್ತಿದ್ದರೆ ನನ್ನ ಬಾಯಿ ಮೂರು ಎನ್ನುತ್ತಿತ್ತು. ನಾನು ಬೇಕೆಂದು ಮಾಡಿದ್ದಲ್ಲ. ಅಷ್ಟು ವರ್ಷದ ಆಡಳಿತ ನಾಲಿಗೆಯಲ್ಲೇ ಕೂತಿತ್ತು. ಒಂದು ದಿನ ಅವನು ಪಿಟ್ಟಿಗೆ ಬಂದಾಗ ಟ್ಯಾಂಕಿನಲ್ಲಿ ಒಂದು ಸುತ್ತಿನ ಪೆಟ್ರೋಲು ಹೆಚ್ಚಿಗೆ ಇರುವುದನ್ನು ಅಳಿಯ ಓದಿ ಹೇಳಿಬಿಟ್ಟ. ಡ್ರೈವರ್ ತಿರುಗಿ ನನ್ನನ್ನೇ ನೋಡಿದ.

"ಇಲ್ಲೂ ಮಂಚದಡಿ ಕ್ಯಾನ್ ಇಟ್ರಾ ರೈಟ್ರೇ?"

ಅಂದಿನಿಂದ ಅವನು ನನ್ನ ಲೆಕ್ಕಕ್ಕೆ ಒಂದು ಸುತ್ತು ಸೇರಿಸಿಕೊಂಡು ಓಡಿಸತೊಡಗಿದ. ನಾನು ಒಂದು ಕಡಿಮೆ ಹೇಳುವುದು, ಅವನು ಒಂದು ಹೆಚ್ಚು ತಿಳಿಯುವುದು, ಕಾರು ಸರಿಯಾದ ಹೊತ್ತಿಗೆ ಒಳಗೆ ಬರುವುದು. ಯಾರೂ ಪ್ರಾಮಾಣಿಕರಾಗದಿದ್ದಷ್ಟು ಕಾಲ ಬಹಳ ಸೊಗಸಾದ ವ್ಯವಸ್ಥೆ. ಮೂರು ಭಾನುವಾರ ಮೇಲಿಂದ ಮೇಲೆ ಒಳ್ಳೆಯ ಸ್ಥಾನ ಬಂತು.

ಅವನಿಗೆ ಧೈರ್ಯ ಬಂದದ್ದೂ ಇದರಿಂದಲೇ. ಒಂದು ದಿನ ಕಾಫಿ ಕುಡಿಯುತ್ತ ಮಗಳ ಹತ್ತಿರ ಮಾತು ತೆಗೆದ.

"ನೋಡು, ನಂಗೆ ಓಡಿಸ್ಲಿಕ್ಕೆ ಬರಲ್ಲ ಅಂತ ಇನ್ನು ಹೇಳ್ಬೇಡ. ಕೀ ಕೊಡು."

"ಓಡಿಸ್ಲಿಕ್ಕೆ ಬರಲ್ಲ ಅಂತ ಯಾರಪ್ಪ ಹೇಳಿದ್ದು? ನಿಲ್ಸ್ಲಿಕ್ಕೆ ಬರಲ್ಲ ಅಂದಿದ್ದು."

"ಇದ್ರಲ್ಲೂ ನಿಲ್ಸ್ಬೇಕು. ಕೇಳು ನಿನ್ನ ಗಂಡನ್ನ."

ಅವಳು ಲೋಟ ಕೆಳಗಿಟ್ಟು ಸ್ವಲ್ಪ ಯೋಚಿಸಿ, ಪ್ರಶ್ನೆಪತ್ರಿಕೆ ಓದುವ ಧಾಟಿಯಲ್ಲಿ ಷರತ್ತು ಹೇಳಿದಳು. "ಬರೋ ಭಾನುವಾರ ನಲವತ್ತು ಸುತ್ತಿಂದು ದೊಡ್ಡ ರೇಸ್ ಉಂಟಂತಲ್ಲ. ಮೊದಲ ಐದರೊಳಗೆ ಬನ್ನಿ, ಕೀ ಕೊಡ್ತೀನಿ. ಆರನೇದು ಬಂದ್ರೂ ಇಲ್ಲ. ನಿಮಗೆ ಹೇಳೋದು ರೈಟರ್ ಮಾಮ ಮಾತ್ರ, ಇವರು ಬಾಯಿ ಹಾಕ್ಬಾರ್ದು." ಇವರು ಎಂದರೆ ಗಂಡ. ಅವನು ಆಗಲೇ ಬಾಯಿ ಮುಚ್ಚಿಕೊಂಡಿದ್ದ.

ಶನಿವಾರ ಸಂಜೆ ಅವಳು ನಮ್ಮ ಮನೆಗೆ ಹಲಸಿನ ಹಪ್ಪಳ ಕೊಡಲು ಬಂದವಳು ಬಾಗಿಲಲ್ಲಿ ನಿಂತು, "ಮಾಮ, ನಾಳೆ ಅಪ್ಪನಿಗೆ ಸರಿಯಾಗಿ ಹೇಳಿ. ಬಸ್ ಸ್ಟಾಪಲ್ಲಿ ಅವರು ನಿಂತಿರೋದು ನೋಡ್ಲಿಕ್ಕೆ ನಂಗೂ ಆಗಲ್ಲ" ಎಂದಳು. ಈ ಮಾತು ನನ್ನನ್ನು ಕೆಡಿಸಿತು. ರಾತ್ರಿಯೆಲ್ಲ ಯೋಚಿಸಿ, ನಾಳೆ ಒಂದು ದಿನವಾದರೂ ಅಂಕಿ ಎಷ್ಟು ಹೇಳುತ್ತದೋ ಅಷ್ಟೇ ಹೇಳುವುದೆಂದು ತೀರ್ಮಾನಿಸಿದೆ. ಈ ತೀರ್ಮಾನವನ್ನು ಡ್ರೈವರಿಗೆ ಮೊದಲೇ ತಿಳಿಸಬೇಕೆಂದು ಹೊಳೆಯಲಿಲ್ಲ. ಪ್ರಾಮಾಣಿಕತೆಯಲ್ಲಿ ನನಗೆ ಅಷ್ಟು ಅಭ್ಯಾಸವಿರಲಿಲ್ಲ.

ಭಾನುವಾರ ಎರಡು ಗಂಟೆಗೆ ಹದಿನೆಂಟು ಕಾರು ಹೊರಟವು. ನಾನು ಚೀಲದ ಮೇಲೆ; ಅಳಿಯ ಮೊಬೈಲಿನಲ್ಲಿ ಬೇರೆ ಕಾರುಗಳ ಸ್ಥಾನ ನೋಡಿ ನನ್ನ ಕಿವಿಗೆ ಹೇಳುವವನು; ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. ಡ್ರೈವರ್ ಒಗೆದ ಖಾಕಿ ಅಂಗಿ ಹಾಕಿಕೊಂಡು, ಸ್ಟೇರಿಂಗು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದ.

ಇಪ್ಪತ್ತನೆಯ ಸುತ್ತಿಗೆ ನಿಲ್ಲಬೇಕೆಂದು ಮೊದಲೇ ಮಾತಾಗಿತ್ತು. ನಿಂತ. ಉಳಿದ ಇಪ್ಪತ್ತು ಸುತ್ತಿಗೆ ಎಷ್ಟು ಬೇಕೋ ಲೆಕ್ಕ ಹಾಕಿ ಅಷ್ಟೇ ತುಂಬಿಸಿದೆ. ಮೇಲೆ ಒಂದು ಲೋಟವೂ ಇಲ್ಲ. ಜೀವಮಾನದಲ್ಲಿ ಮೊದಲ ಸಲ. ಕಾರು ಹಗುರಾಗಿ ಚಿಮ್ಮಿತು. ಏಳನೆಯದರಿಂದ ಐದು, ಐದರಿಂದ ನಾಲ್ಕು. ಆಮೇಲೆ ಹಾಸನದ ಯಾರೋ ಒಬ್ಬನ ಕಾರು ಅಡ್ಡ ಸಿಕ್ಕಿತು. ಅದನ್ನು ದಾಟಲು ಇವನು ಎಂಟು ಸುತ್ತು ಎರಡನೆಯ ಗೇರಿನಲ್ಲಿ ಎಂಜಿನ್ ಕೂಗಿಸಿದ. ದಾಟಿದ, ಮೂರನೆಯವನಾದ. ಆದರೆ ನನ್ನ ಲೆಕ್ಕದಲ್ಲಿ ಈ ಕೂಗಾಟ ಇರಲಿಲ್ಲ.

ಮೂವತ್ತೇಳು ಸುತ್ತು ಮುಗಿದಾಗ ಅಂಕಿ ನೋಡಿದೆ. ಇನ್ನೂ ಮೂರು ಸುತ್ತಿದೆ, ಪೆಟ್ರೋಲು ಎರಡಕ್ಕೆ ಮಾತ್ರ. ಅಳಿಯ ಕಿವಿಯಲ್ಲಿ ಉಸುರಿದ: ಈಗ ನಿಂತು ಒಂದು ಗುಟುಕು ಹಾಕಿಸಿದರೂ ಎರಡು ಕಾರು ಮುಂದೆ ಹೋಗುತ್ತವೆ ಅಷ್ಟೇ, ಐದನೆಯದು ಸಿಗುತ್ತದೆ. ಐದು ಸಾಕಿತ್ತು.

"ಒಳಗೆ ತಗೋ ಮಾರಾಯ. ಎರಡು ಸುತ್ತಿಗೇ ಇರೋದು."

"ಸರಿ. ಹಂಗಾದ್ರೆ ಮೂರಕ್ಕೆ ಉಂಟು."

"ಇಲ್ಲ, ಎರಡೇ!"

"ನಿಮ್ಮ ಎರಡು ನಂಗೆ ಗೊತ್ತಿಲ್ವಾ ರೈಟ್ರೇ."

"ಇವತ್ತು ಸತ್ಯ ಹೇಳ್ತಿದ್ದೀನಿ ಮಾರಾಯ, ಆಣೆಗೂ ಎರಡೇ!"

"ಸಾಹುಕಾರ್ರಿಗೂ ಹಿಂಗೇ ಆಣೆ ಹಾಕಿ ಹೇಳಿದ್ರಿ. ಆವತ್ತು ಮಂಚದಡಿಯಿಂದ ಕ್ಯಾನ್ ಎತ್ಕೊಂಡು ಹೋದವನು ನಾನೇ."

ಪಿಟ್ಟಿನ ದಾರಿ ಎಡಕ್ಕೆ ಬಂತು, ಹೋಯಿತು. ಮುಂದಿನ ಸುತ್ತಿನಲ್ಲಿ ನಾನು ಪುಸ್ತಕ ಬಿಸಾಕಿ, ಚೀಲದಿಂದೆದ್ದು, ಟಿವಿಯ ಮೂಲೆಯ ಅಂಕಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿದೆ. "ಅಡ್ಡ ನಿಲ್ಬೇಡಿ, ರಸ್ತೆ ಕಾಣಲ್ಲ" ಎಂದ. ಆಗಲೂ ಪಿಟ್ ದಾಟಿಹೋಯಿತು. ಅಳಿಯ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಿದ್ದ.

ನಲವತ್ತನೆಯ ಸುತ್ತಿನ ಮೊದಲ ಏರಿನಲ್ಲೇ ಎಂಜಿನ್ ಎರಡು ಸಲ ಕೆಮ್ಮಿತು. ಅಲ್ಲಿಂದ ಪೆಡಲನ್ನು ಕಾಲಿನಲ್ಲಿ ಸವರಿದಂತೆ ಓಡಿಸಿ ಸುಮಾರು ದೂರ ಎಳೆದ. ಕೊನೆಯ ಇಳಿಜಾರಿನ ತಲೆಯಲ್ಲಿ ಶಬ್ದ ಪೂರ್ತಿ ನಿಂತಿತು. ಡ್ರೈವರಿನ ಮುಖದಲ್ಲಿ ಗಾಬರಿ ಇರಲಿಲ್ಲ. ಎಂಜಿನ್ ಇಲ್ಲದೆ ಇಳಿಜಾರು ಇಳಿಯುವುದು ಅವನ ಕಾಲದ ಎಲ್ಲ ಡ್ರೈವರುಗಳ ವಿದ್ಯೆ. ನ್ಯೂಟ್ರಲ್ ಮಾಡಿ, ಬ್ರೇಕ್ ಮುಟ್ಟದೆ, ತಿರುವುಗಳನ್ನು ಬೆಣ್ಣೆಯಂತೆ ಕೊಯ್ದು ಇಳಿದ. ನಾನು ಕಂಡ ಅವನ ಅತ್ಯುತ್ತಮ ಡ್ರೈವಿಂಗು ಅದು. ಆದರೆ ಆ ರಸ್ತೆ ಮಾಡಿದವರು ಕೊನೆಯ ಫರ್ಲಾಂಗನ್ನು ಸಮತಟ್ಟು ಮಾಡಿದ್ದರು. ಕಾರು ಗಾಡಿಯೆತ್ತಿನ ವೇಗಕ್ಕೆ ಬಂತು. ಹಾಸನದವನು ದಾಟಿದ. ಇನ್ನೊಬ್ಬ ದಾಟಿದ. ಇವನು ಸೀಟಿನಲ್ಲಿ ಮುಂದಕ್ಕೆ ಮುಂದಕ್ಕೆ ತಳ್ಳಿಕೊಳ್ಳುತ್ತಿದ್ದ. ನಾನೂ, ಅಳಿಯನೂ, ಬಾಗಿಲಲ್ಲಿದ್ದ ಮಗಳೂ ಹಾಗೆಯೇ ಮುಂದಕ್ಕೆ ಬಾಗಿದ್ದೆವು. ಮುಕ್ತಾಯದ ಗೆರೆಗೆ ನಾಲ್ಕು ಮಾರು ಇರುವಾಗ ಮೂರನೆಯ ಕಾರೊಂದು ಪಕ್ಕದಲ್ಲಿ ಹಾದುಹೋಯಿತು.

ಅಳಿಯ ಬಾಯಿಂದ ಕೈ ತೆಗೆದ. ಆಮೇಲೆ ಮಗಳು ಕೇಳಿದಳು.

"ಅಪ್ಪ, ಮಾಮ ಎಷ್ಟು ಸುತ್ತು ಅಂದ್ರು?"

"ಎರಡು."

"ಎಷ್ಟಿತ್ತು?"

"ಎರಡೇ ಇತ್ತು. ಅಲ್ಲೇ ಮೋಸ ಆಗಿದ್ದು." ಅವನು ಸ್ಟೇರಿಂಗಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದ. "ಇಷ್ಟು ವರ್ಷದ ಸ್ನೇಹ ರೈಟ್ರೇ. ಸತ್ಯ ಹೇಳೋದಾದ್ರೆ ಒಂದು ವಾರ ಮುಂಚೆ ತಿಳಿಸ್ಬಾರ್ದಾ?"

ನಾನು ಬಿಸಾಕಿದ್ದ ಪುಸ್ತಕ ಎತ್ತಿಕೊಂಡೆ. ಮಗಳು ಬೀರುವಿದ್ದ ಕೋಣೆಯ ಕಡೆ ಒಮ್ಮೆ ನೋಡಿದಳು, ಅಪ್ಪನ ಖಾಕಿ ಅಂಗಿಯನ್ನು ಒಮ್ಮೆ ನೋಡಿದಳು, ಆಮೇಲೆ ಎಲ್ಲರಿಗೂ ಕಾಫಿ ಮಾಡಲು ಒಳಗೆ ಹೋದಳು. ಗಣಿತದವಳು.

ನಾವು ಆರನೆಯ ಸ್ಥಾನದಲ್ಲಿ ಮುಗಿಸಿದೆವು. ಕೀ ಸಿಗಲಿಲ್ಲ.